ಪಿಕಪ್ ಗಾಡಿಯಲ್ಲೇ ಲ್ಯಾಪ್‌ಟಾಪ್, ಪ್ರಿಂಟರ್, ತೂಕದ ಯಂತ್ರ: ಎರಡನೇ ಬ್ಯಾಟರಿ ಹಾಕಿಕೊಳ್ಳೋದು ಹೇಗೆ?



ಈ ವಾರ ಬೆಳೆ, ರೋಗ, ಗೊಬ್ಬರದ ವಿಷಯ ಸ್ವಲ್ಪ ಪಕ್ಕಕ್ಕಿಟ್ಟು ಗಾಡಿಯ ಕರೆಂಟಿನ ಬಗ್ಗೆ ಮಾತಾಡೋಣ. ಇದಕ್ಕೂ ಕೃಷಿಗೂ ಏನು ಸಂಬಂಧ ಅಂತ ಕೇಳಬಹುದು. ನಮಗಾದ ಒಂದು ಅನುಭವ ಹೇಳಿದರೆ ಸಂಬಂಧ ಏನು ಅಂತ ತಾನಾಗೇ ಗೊತ್ತಾಗುತ್ತೆ.

ನಮ್ಮ ಊರಿನ ಹತ್ತಾರು ಜನ ಸೇರಿ ಟೊಮೆಟೊವನ್ನು ಒಂದೇ ಗಾಡಿಯಲ್ಲಿ ಕೋಲಾರದ ಮಂಡಿಗೆ ಕಳಿಸೋ ಪದ್ಧತಿ ಇಟ್ಟುಕೊಂಡಿದ್ದೆವು. ಸಂಜೆ ಊರ ಮುಂದಿನ ಅರಳಿಕಟ್ಟೆ ಹತ್ತಿರ ಪಿಕಪ್ ನಿಲ್ಲಿಸಿ, ಯಾರದ್ದು ಎಷ್ಟು ಕ್ರೇಟ್, ಎಷ್ಟು ತೂಕ ಅಂತ ಲ್ಯಾಪ್‌ಟಾಪಿಗೆ ಹಾಕಿ, ಪ್ರತಿಯೊಬ್ಬರ ಕೈಗೂ ಚೀಟಿ ಕೊಡೋದು. ಆ ದಿನ ಊರಲ್ಲಿ ಕರೆಂಟ್ ಇರಲಿಲ್ಲ. ಗಾಡಿಯ ಬ್ಯಾಟರಿಗೆ ಒಂದು ಸಣ್ಣ ಇನ್ವರ್ಟರ್ ಕಚ್ಚಿಸಿ ಲ್ಯಾಪ್‌ಟಾಪ್, ಇಂಟರ್‌ನೆಟ್ ರೂಟರ್, ಪ್ರಿಂಟರ್, ಒಂದು ಬಲ್ಬು ಎಲ್ಲಾ ಓಡಿಸಿದೆವು. ಸಂಜೆ 5ರಿಂದ ರಾತ್ರಿ 10ರ ತನಕ ಕೆಲಸ ಸಲೀಸಾಗಿ ಆಯ್ತು. ಎಲ್ಲರಿಗೂ ಖುಷಿ.

ಬೆಳಗಿನ ಜಾವ 4 ಗಂಟೆಗೆ ಕೀ ತಿರುಗಿಸಿದರೆ ಸೆಲ್ಫ್ ಹೊಡೀತಿಲ್ಲ. ಟಕ್ ಟಕ್ ಅಂತ ಸದ್ದು ಬಿಟ್ಟರೆ ಏನೂ ಇಲ್ಲ. ನೂರರ ಹತ್ತಿರ ಕ್ರೇಟ್ ತುಂಬಿದ ಗಾಡಿ ತಳ್ಳೋಕೂ ಆಗಲ್ಲ. ಪಕ್ಕದೂರಿನಿಂದ ಇನ್ನೊಂದು ಗಾಡಿ ತರಿಸಿ ಜಂಪರ್ ವೈರ್ ಹಾಕಿ ಸ್ಟಾರ್ಟ್ ಮಾಡೋ ಹೊತ್ತಿಗೆ ಬೆಳಕು ಹರಿದಿತ್ತು. ಮಂಡಿ ಸೇರಿದಾಗ ಹರಾಜು ಮುಗಿಯೋ ಹಂತ, ಒಳ್ಳೆ ಖರೀದಿದಾರರು ಆಗಲೇ ಲೋಡ್ ಮಾಡಿಕೊಂಡು ಹೋಗಿದ್ದರು. ಹತ್ತಾರು ಮನೆಯವರ ಮಾಲು ಸಿಕ್ಕಿದ ರೇಟಿಗೆ ಹೋಯ್ತು. ತಪ್ಪು ಬ್ಯಾಟರಿದಲ್ಲ, ಗಾಡಿದೂ ಅಲ್ಲ. ಲೆಕ್ಕ ಹಾಕದೆ ಕರೆಂಟ್ ಎಳೆದ ನಮ್ಮದು.

ಈಗ ಎಷ್ಟೋ ರೈತರು, ರೈತ ಉತ್ಪಾದಕ ಕಂಪನಿಗಳು, ಹಾಲು ಸಂಗ್ರಹಿಸೋರು, ನೇರವಾಗಿ ಗ್ರಾಹಕರಿಗೆ ತರಕಾರಿ ಮಾರೋರು ಗಾಡಿಯಲ್ಲೇ ಕಂಪ್ಯೂಟರ್ ಸಾಮಾನು ಇಟ್ಟುಕೊಂಡು ಓಡಾಡ್ತಾರೆ. ಹಾಗಾಗಿ ಇದನ್ನು ಸರಿಯಾಗಿ ಮಾಡೋದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಎಂಜಿನ್ ಬ್ಯಾಟರಿಯಿಂದ ಯಾಕೆ ಎಳೆಯಬಾರದು?

ಗಾಡಿಯ ಬ್ಯಾಟರಿ ಇರೋದು ಸೆಲ್ಫ್ ಹೊಡೆಯೋಕೆ. ಎಂಜಿನ್ ತಿರುಗಿಸೋ ಆ ಎರಡು ಮೂರು ಸೆಕೆಂಡಿನಲ್ಲಿ ಅದು ನೂರು ಇನ್ನೂರು ಆಂಪಿಯರ್, ಡೀಸೆಲ್ ಗಾಡಿಯಲ್ಲಿ ಅದಕ್ಕೂ ಜಾಸ್ತಿ ಕೊಡುತ್ತೆ. ಅದಕ್ಕೋಸ್ಕರ ಅದರೊಳಗಿನ ಸೀಸದ ಪ್ಲೇಟುಗಳನ್ನು ತೆಳ್ಳಗೆ ಮಾಡಿ, ಜಾಸ್ತಿ ಸಂಖ್ಯೆಯಲ್ಲಿ ಜೋಡಿಸಿರುತ್ತಾರೆ. ಓಟದ ಕುದುರೆ ಇದ್ದ ಹಾಗೆ, ಒಂದೇ ಉಸಿರಿಗೆ ಜೋರಾಗಿ ಓಡುತ್ತೆ. ಆದರೆ ದಿನವಿಡೀ ನೇಗಿಲು ಎಳೆಯೋ ಎತ್ತಿನ ಕೆಲಸ ಅದಕ್ಕೆ ಕೊಟ್ಟರೆ ಸೊರಗುತ್ತೆ. ಪದೇ ಪದೇ ಅರ್ಧಕ್ಕಿಂತ ಕೆಳಗೆ ಖಾಲಿ ಮಾಡಿದರೆ ತೆಳ್ಳಗಿನ ಪ್ಲೇಟುಗಳು ಬೇಗ ಹಾಳಾಗಿ, ಮೂರು ನಾಲ್ಕು ವರ್ಷ ಬರಬೇಕಾದ ಬ್ಯಾಟರಿ ಒಂದೇ ವರ್ಷಕ್ಕೆ ಕೈ ಕೊಡಬಹುದು.

ನಮ್ಮ ಆ ರಾತ್ರಿಯ ಲೆಕ್ಕ ನೋಡಿ. ಲ್ಯಾಪ್‌ಟಾಪ್ 45 ವ್ಯಾಟ್, ರೂಟರ್ 10, ಬಲ್ಬು 10, ಪ್ರಿಂಟರ್ ಸ್ವಲ್ಪ, ಇನ್ವರ್ಟರ್ ತಾನೇ ತಿನ್ನೋದು ಒಂದಿಷ್ಟು, ಎಲ್ಲಾ ಸೇರಿ ಸುಮಾರು 80 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ ಆರೂವರೆ ಏಳು ಆಂಪಿಯರ್. 5 ಗಂಟೆಗೆ 30ರಿಂದ 35 ಆಂಪಿಯರ್-ಗಂಟೆ, ಅಂದರೆ ಬ್ಯಾಟರಿ ಮೇಲೆ ಬರೆದಿರೋ ಎಎಚ್ ಲೆಕ್ಕದಲ್ಲಿ 30-35 ಎಎಚ್. ಬ್ಯಾಟರಿ 65 ಎಎಚ್‌ನದು, ಅದೂ ಮೂರು ವರ್ಷ ಹಳೆಯದು. ಇದ್ದ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನಾವೇ ತಿಂದುಬಿಟ್ಟಿದ್ದೆವು. ಜೊತೆಗೆ ಇನ್ವರ್ಟರ್ ಸ್ವಿಚ್ ಆಫ್ ಮಾಡೋದನ್ನೂ ಮರೆತಿದ್ದೆವು. ಏನೂ ಸಿಕ್ಕಿಸದಿದ್ದರೂ ಆನ್ ಇದ್ದ ಇನ್ವರ್ಟರ್ ರಾತ್ರಿಯೆಲ್ಲಾ ಸ್ವಲ್ಪ ಸ್ವಲ್ಪ ಕರೆಂಟ್ ಕುಡೀತಾನೇ ಇರುತ್ತೆ.

"ಎಂಜಿನ್ ಆನ್ ಇಟ್ಟುಕೊಂಡರೆ ಆಯ್ತಲ್ಲ" ಅಂತ ಕೆಲವರು ಹೇಳ್ತಾರೆ. ಆಗುತ್ತೆ, ಆದರೆ 80 ವ್ಯಾಟಿಗೋಸ್ಕರ ಇಡೀ ಡೀಸೆಲ್ ಎಂಜಿನ್ ಗಂಟೆಗಟ್ಟಲೆ ಓಡಿಸೋದು ಸೊಳ್ಳೆ ಹೊಡೆಯೋಕೆ ಸುತ್ತಿಗೆ ತಗೊಂಡ ಹಾಗೆ. ಡೀಸೆಲ್ ಖರ್ಚು, ಹೊಗೆ, ಸದ್ದು, ಎಂಜಿನ್ ಸವೆತ ಎಲ್ಲಾ ಸೇರಿದರೆ ಎರಡನೇ ಬ್ಯಾಟರಿಯೇ ಅಗ್ಗ.

ಮೊದಲ ಕೆಲಸ: ನಿಮ್ಮ ಲೆಕ್ಕ ನೀವು ಹಾಕಿ

ಅಂಗಡಿಗೆ ಹೋಗಿ "ಒಂದು ಬ್ಯಾಟರಿ ಕೊಡಿ" ಅನ್ನೋ ಮೊದಲು ಒಂದು ಚೀಟಿ ತಗೊಂಡು ಬರೆಯಿರಿ. ಪ್ರತಿ ಸಾಮಾನಿನ ಅಡಾಪ್ಟರ್ ಹಿಂದೆ ಔಟ್‌ಪುಟ್ ಅಂತ ವೋಲ್ಟ್ ಮತ್ತು ಆಂಪಿಯರ್ ಬರೆದಿರುತ್ತೆ. ಎರಡನ್ನೂ ಗುಣಿಸಿದರೆ ವ್ಯಾಟ್. ಅದನ್ನು ಎಷ್ಟು ಗಂಟೆ ಓಡಿಸ್ತೀರೋ ಅದರಿಂದ ಗುಣಿಸಿ. ನಮ್ಮ ಒಂದು ದಿನದ ಲೆಕ್ಕ ಹೀಗಿದೆ:

• ಲ್ಯಾಪ್‌ಟಾಪ್: 45 ವ್ಯಾಟ್ × 4 ಗಂಟೆ = 180
• ರೂಟರ್: 8 ವ್ಯಾಟ್ × 5 ಗಂಟೆ = 40
• ಎಲ್‌ಇಡಿ ಬಲ್ಬು: 10 ವ್ಯಾಟ್ × 3 ಗಂಟೆ = 30
• ಎರಡು ಮೊಬೈಲ್ ಚಾರ್ಜ್: 30
• ಚೀಟಿ ಪ್ರಿಂಟರ್ ಮತ್ತು ತೂಕದ ಯಂತ್ರ: ಎರಡೂ ಸೇರಿ 20

ಒಟ್ಟು 300 ವ್ಯಾಟ್-ಗಂಟೆ. ಕರೆಂಟನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸುವಾಗ ನೂರಕ್ಕೆ ಹದಿನೈದರಷ್ಟು ನಷ್ಟ ಅಂತ ಇಟ್ಟುಕೊಳ್ಳಿ. ಆಗ ಬ್ಯಾಟರಿಯಿಂದ ಸುಮಾರು 350 ಬೇಕು. 12ರಿಂದ ಭಾಗಿಸಿದರೆ 29 ಎಎಚ್ ಚಿಲ್ಲರೆ, 30 ಅಂತಾನೇ ಹಿಡಿಯಿರಿ.

ಹಾಗಂತ 30 ಎಎಚ್ ಬ್ಯಾಟರಿ ತಂದರೆ ಸಾಲದು. ಸೀಸ-ಆಮ್ಲದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು, ಆದ್ದರಿಂದ 60 ಎಎಚ್ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ ಎಂಬತ್ತರಷ್ಟು ಧೈರ್ಯವಾಗಿ ಬಳಸಬಹುದು, ಅಲ್ಲಿ 40 ಎಎಚ್ ಸಾಕು.

ಮೂರು ದಾರಿ ಇವೆ, ನಿಮಗೆ ಯಾವುದು?

ಎಲ್ಲರಿಗೂ ದೊಡ್ಡ ವ್ಯವಸ್ಥೆ ಬೇಕಿಲ್ಲ. ಕೆಲಸ ನೋಡಿಕೊಂಡು ಆರಿಸಿ.

ಮೊದಲನೇ ದಾರಿ, ಗಾಡಿಗೆ ಕೈಯೇ ಹಚ್ಚೋದು ಬೇಡ. ದಿನಕ್ಕೆ ಒಂದೆರಡು ಗಂಟೆ ರೂಟರ್, ಚೀಟಿ ಪ್ರಿಂಟರ್, ಮೊಬೈಲ್ ಅಷ್ಟೇ ಸಾಕು ಅನ್ನೋರಿಗೆ ಇದು. ನಮ್ಮ ಬೆನ್ನಿಗೆ ಹಾಕಿಕೊಳ್ಳೋ ಬ್ಯಾಟರಿ ಸ್ಪ್ರೇಯರಿನಲ್ಲಿ 12 ವೋಲ್ಟ್ 8 ಎಎಚ್ ಅಥವಾ 12 ಎಎಚ್ ಬ್ಯಾಟರಿ ಇರುತ್ತಲ್ಲ, ಅದೇ ಜಾತಿಯ ಮುಚ್ಚಿದ ಬ್ಯಾಟರಿ ಒಂದನ್ನು ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ಫ್ಯೂಸ್ ಹಾಕಿ, ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳಿ. 12 ವೋಲ್ಟ್ 8 ಎಎಚ್ ಅಂದರೆ 96 ವ್ಯಾಟ್-ಗಂಟೆ, ಅದರಲ್ಲಿ ಅರ್ಧ 48. ಎಂಟು ವ್ಯಾಟಿನ ರೂಟರ್ ಐದು ಗಂಟೆ ಓಡುತ್ತೆ. ಲ್ಯಾಪ್‌ಟಾಪಿಗೆ ಇದು ಸಾಲಲ್ಲ. ಒಂದು ಮಾತು: ಸ್ಪ್ರೇಯರಿನ ಬ್ಯಾಟರಿಯನ್ನೇ ಬಿಚ್ಚಿ ತರಬೇಡಿ. ಔಷಧಿ ಸೋಕಿರುತ್ತೆ, ಜೊತೆಗೆ ನಾಳೆ ಸ್ಪ್ರೇ ಮಾಡೋ ಹೊತ್ತಿಗೆ ಅದು ಖಾಲಿ ಇರುತ್ತೆ.

ಎರಡನೇ ದಾರಿ, ದೊಡ್ಡ ಬ್ಯಾಟರಿ, ಆದರೆ ಚಾರ್ಜ್ ಮನೆಯಲ್ಲಿ. 40ರಿಂದ 60 ಎಎಚ್ ಬ್ಯಾಟರಿಯನ್ನು ಹಿಡಿಕೆ ಇರೋ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಗಾಡಿಯಲ್ಲಿ ಬಿಗಿದು ಕಟ್ಟಿ, ಸಂಜೆ ಮನೆಗೆ ಬಂದ ಮೇಲೆ ಚಾರ್ಜರ್ ಹಾಕೋದು. ಸೀಸ-ಆಮ್ಲದ ಬ್ಯಾಟರಿಗೆ ಅದರ ಎಎಚ್‌ನ ಹತ್ತನೇ ಒಂದು ಭಾಗದಷ್ಟು ಆಂಪಿಯರಿನ ಚಾರ್ಜರ್ ಸರಿ, ಅಂದರೆ 60 ಎಎಚ್‌ಗೆ 6 ಆಂಪಿಯರ್. ಗಾಡಿಯ ವೈರಿಂಗ್ ಮುಟ್ಟದೇ ಇರೋದರಿಂದ ಬಾಡಿಗೆ ಗಾಡಿ ಇದ್ದವರಿಗೆ, ವಾರಂಟಿ ಇನ್ನೂ ಮುಗಿಯದ ಹೊಸ ಗಾಡಿ ಇದ್ದವರಿಗೆ ಇದೇ ಒಳ್ಳೇದು.

ಮೂರನೇ ದಾರಿ, ಗಾಡಿ ಓಡುವಾಗಲೇ ಎರಡನೇ ಬ್ಯಾಟರಿ ಚಾರ್ಜ್ ಆಗೋ ವ್ಯವಸ್ಥೆ. ದಿನಾ ಊರೂರು ಸುತ್ತೋರಿಗೆ, ಮನೆಯಲ್ಲಿ ಕರೆಂಟ್ ಯಾವಾಗ ಬರುತ್ತೋ ಗೊತ್ತಿಲ್ಲ ಅನ್ನೋರಿಗೆ ಇದು ಬೇಕು. ಇದರ ವಿವರ ಮುಂದೆ ಹೇಳ್ತೀನಿ.

ಯಾವ ಬ್ಯಾಟರಿ ತರಬೇಕು?

ಮನೆಯ ಯುಪಿಎಸ್‌ಗೆ ಹಾಕೋ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ತಂದು ಗಾಡಿಯಲ್ಲಿ ಇಡೋಣ ಅಂತ ಯೋಚನೆ ಇದ್ದರೆ ಬಿಟ್ಟುಬಿಡಿ. ಐವತ್ತು ಕೆಜಿ ಮೇಲೆ ತೂಗುತ್ತೆ, ಹಳ್ಳ ದಿಣ್ಣೆಯಲ್ಲಿ ಆಮ್ಲ ತುಳುಕುತ್ತೆ. ಅಷ್ಟೇ ಅಲ್ಲ, ನೀರು ಹಾಕೋ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತೆ. ಮುಚ್ಚಿದ ಕ್ಯಾಬಿನ್ ಒಳಗೆ ಅದು ತುಂಬಿಕೊಂಡರೆ ಒಂದು ಕಿಡಿ ಸಾಕು. ಹಾಗಾಗಿ ನೀರು ಹಾಕೋ ಬ್ಯಾಟರಿಯನ್ನು ಕ್ಯಾಬಿನ್ ಒಳಗೆ ಇಡಲೇಬಾರದು.

ಕ್ಯಾಬಿನ್ ಒಳಗೆ ಇಡೋದಾದರೆ ಎರಡೇ ಆಯ್ಕೆ. ಒಂದು, ನೀರು ಹಾಕಬೇಕಿಲ್ಲದ ಮುಚ್ಚಿದ ಸೀಸ-ಆಮ್ಲದ ಬ್ಯಾಟರಿ. ಬೆಲೆ ಕಮ್ಮಿ, ಎಲ್ಲಾ ಊರಲ್ಲೂ ಸಿಗುತ್ತೆ, ಆದರೆ 60 ಎಎಚ್‌ನದು ಹದಿನೈದು ಕೆಜಿ ಮೇಲಿರುತ್ತೆ. ಬಳಸಿದ ದಿನವೇ ಪೂರ್ತಿ ಚಾರ್ಜ್ ಮಾಡಬೇಕು. ಅರ್ಧ ಖಾಲಿಯಾಗಿ ವಾರಗಟ್ಟಲೆ ಬಿಟ್ಟರೆ ಪ್ಲೇಟಿನ ಮೇಲೆ ಬಿಳಿ ಪದರ ಗಟ್ಟಿಯಾಗಿ ಕೂತು, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯಲ್ಲ.

ಇನ್ನೊಂದು ಲಿಥಿಯಂ ಐರನ್ ಫಾಸ್ಫೇಟ್. 40 ಎಎಚ್‌ನದು ಐದು ಕೆಜಿ ಆಸುಪಾಸು, ಒಂದೇ ಕೈಯಲ್ಲಿ ಎತ್ತಬಹುದು. ಸಾವಿರಾರು ಸಲ ಚಾರ್ಜ್ ಮಾಡಬಹುದು. ಬೆಲೆ ಮಾತ್ರ ಜಾಸ್ತಿ. ತರುವಾಗ ಒಳಗೆ ಬಿಎಂಎಸ್ ಅನ್ನೋ ರಕ್ಷಣಾ ಸರ್ಕ್ಯೂಟ್ ಇದೆಯಾ ಅಂತ ಕೇಳಿ, ಬಿಲ್ ಮತ್ತು ವಾರಂಟಿ ಚೀಟಿ ಇಲ್ಲದೆ ತರಬೇಡಿ. ಹಳೇ ಎಲೆಕ್ಟ್ರಿಕ್ ಸ್ಕೂಟರಿನ ಸೆಲ್ ಬಿಚ್ಚಿ ಜೋಡಿಸಿ ಕಡಿಮೆಗೆ ಕೊಡೋರ ಹತ್ತಿರ ದಯವಿಟ್ಟು ಹೋಗಬೇಡಿ. ಅದು ಬ್ಯಾಟರಿ ಅಲ್ಲ, ಗಾಡಿಯಲ್ಲಿಟ್ಟ ಬೆಂಕಿಪೊಟ್ಟಣ.

ಎರಡು ಬ್ಯಾಟರಿ ಜೋಡಿಸೋದು ಹೇಗೆ?

ಇಲ್ಲೇ ಜಾಸ್ತಿ ತಪ್ಪು ಆಗೋದು. ಎರಡೂ ಬ್ಯಾಟರಿಯ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ನೇರವಾಗಿ ವೈರ್ ಎಳೆದುಬಿಟ್ಟರೆ ಏನಾಗುತ್ತೆ? ಎರಡೂ ಸೇರಿ ಒಂದೇ ಬ್ಯಾಟರಿ ಆಗುತ್ತೆ. ಲ್ಯಾಪ್‌ಟಾಪ್ ಎರಡನ್ನೂ ಖಾಲಿ ಮಾಡುತ್ತೆ, ಬೆಳಗ್ಗೆ ಮತ್ತೆ ಅದೇ ಟಕ್ ಟಕ್. ಗಾಡಿ ಓಡುವಾಗ ಮಾತ್ರ ಎರಡೂ ಸೇರಬೇಕು, ನಿಂತಾಗ ಬೇರೆ ಆಗಬೇಕು. ಬದುವಿನ ಮಡೆ ಇದ್ದ ಹಾಗೆ: ಮೇಲಿನ ಗದ್ದೆ ತುಂಬಿದ ಮೇಲೆ ಮಾತ್ರ ಕೆಳಗಿನ ಗದ್ದೆಗೆ ನೀರು ಬಿಡಬೇಕು, ಕೆಳಗಿನವನು ಮೇಲಿನ ಗದ್ದೆ ಬರಿದು ಮಾಡಬಾರದು.

ಈ ಮಡೆಯ ಕೆಲಸ ಮಾಡೋಕೆ ಎರಡು ಸಾಧನ ಇವೆ.

ಒಂದು, ವೋಲ್ಟೇಜ್ ನೋಡಿ ಕೆಲಸ ಮಾಡೋ ರಿಲೇ. ಎಂಜಿನ್ ಸ್ಟಾರ್ಟ್ ಆಗಿ ಡೈನಮೋ ಚಾರ್ಜ್ ಮಾಡೋಕೆ ಶುರು ಮಾಡಿದಾಗ ಎಂಜಿನ್ ಬ್ಯಾಟರಿಯ ವೋಲ್ಟೇಜ್ 13.3ರ ಆಸುಪಾಸು ದಾಟುತ್ತೆ, ಆಗ ರಿಲೇ ಎರಡನ್ನೂ ಸೇರಿಸುತ್ತೆ. ಎಂಜಿನ್ ನಿಲ್ಲಿಸಿ ವೋಲ್ಟೇಜ್ 12.8ಕ್ಕೆ ಇಳಿದರೆ ಬಿಡಿಸುತ್ತೆ. ಸರಳ, ಅಗ್ಗ. ಹಳೇ ಗಾಡಿ ಮತ್ತು ಸೀಸ-ಆಮ್ಲದ ಎರಡನೇ ಬ್ಯಾಟರಿ ಇದ್ದರೆ ಇದು ಸಾಕು.

ಇನ್ನೊಂದು, ಡಿಸಿ-ಡಿಸಿ ಚಾರ್ಜರ್. ಇದು ಎಂಜಿನ್ ಕಡೆಯಿಂದ ಎಷ್ಟೇ ವೋಲ್ಟ್ ಬರಲಿ, ಎರಡನೇ ಬ್ಯಾಟರಿಗೆ ಬೇಕಾದಷ್ಟೇ ವೋಲ್ಟ್, ಬೇಕಾದಷ್ಟೇ ಆಂಪಿಯರ್ ಕೊಡುತ್ತೆ. ಇದು ಎರಡು ಸಂದರ್ಭದಲ್ಲಿ ಬೇಕೇ ಬೇಕು. ಮೊದಲನೇದು, ಲಿಥಿಯಂ ಬ್ಯಾಟರಿ ಹಾಕಿದಾಗ. ಲಿಥಿಯಂ ಬ್ಯಾಟರಿ ಹಸಿದ ಎಮ್ಮೆ ಇದ್ದ ಹಾಗೆ, ಕೊಟ್ಟಷ್ಟೂ ಎಳೆಯುತ್ತೆ. ಬರೀ ರಿಲೇ ಹಾಕಿದರೆ ಡೈನಮೋ ಮೇಲೆ ಭಾರ ಬಿದ್ದು ಸುಟ್ಟುಹೋಗಬಹುದು. ಎರಡನೇದು, ಹೊಸ ಗಾಡಿಗಳಲ್ಲಿ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂತಲ್ಲ, ಆಮೇಲಿನ ಎಷ್ಟೋ ಗಾಡಿಗಳಲ್ಲಿ ಡೈನಮೋವನ್ನು ಕಂಪ್ಯೂಟರೇ ನಿಯಂತ್ರಿಸುತ್ತೆ. ಡೀಸೆಲ್ ಉಳಿಸೋಕೆ ಆಗಾಗ ವೋಲ್ಟೇಜ್ ಇಳಿಸಿಬಿಡುತ್ತೆ. ಬರೀ ರಿಲೇ ಇದ್ದರೆ ಗಾಡಿ ಓಡುತ್ತಿದ್ದರೂ ಅದು ಆಫ್ ಆಗುತ್ತೆ, ಬ್ಯಾಟರಿ ತುಂಬಲ್ಲ. ಇಂಥ ಗಾಡಿಗೆ ಇಗ್ನಿಷನ್ ಕೀಯಿಂದ ಸಿಗ್ನಲ್ ತಗೊಳ್ಳೋ ಡಿಸಿ-ಡಿಸಿ ಚಾರ್ಜರ್ ಹಾಕಬೇಕು.

ನಿಮ್ಮ ಗಾಡಿ ಯಾವ ಜಾತಿ ಅಂತ ತಿಳಿಯೋದು ಹೇಗೆ? ಮಲ್ಟಿಮೀಟರ್ ಇಟ್ಟು ನೋಡಿ. ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಸ್ಥಿರವಾಗಿ ಇದ್ದರೆ ಹಳೇ ರೀತಿಯದು. ಹತ್ತಿಪ್ಪತ್ತು ನಿಮಿಷ ಓಡಿಸಿದ ಮೇಲೆ 12.6 ಹತ್ತಿರಕ್ಕೆ ಇಳಿದು, ಮತ್ತೆ ಏರುತ್ತಾ ಇದ್ದರೆ ಕಂಪ್ಯೂಟರ್ ನಿಯಂತ್ರಣದ್ದು. ಅಂಥ ಗಾಡಿಯ ಬ್ಯಾಟರಿ ಮೈನಸ್ ತುದಿಯಲ್ಲಿ ಸಣ್ಣ ಸೆನ್ಸರ್ ಇರುತ್ತೆ. ನಿಮ್ಮ ಮೈನಸ್ ವೈರನ್ನು ಆ ತುದಿಗೆ ಕಟ್ಟಬೇಡಿ, ಗಾಡಿಯ ಚಾಸಿಗೆ ಕಟ್ಟಿ. ಇಲ್ಲದಿದ್ದರೆ ಗಾಡಿಯ ಕಂಪ್ಯೂಟರಿಗೆ ತಪ್ಪು ಲೆಕ್ಕ ಹೋಗುತ್ತೆ.

20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದ್ದರೆ ನಮ್ಮ ದಿನದ 30 ಎಎಚ್ ತುಂಬೋಕೆ ಒಂದೂವರೆಯಿಂದ ಎರಡು ಗಂಟೆ ಗಾಡಿ ಓಡಬೇಕು. ಹೋಗಿ ಬರೋ ದಾರಿಯಲ್ಲೇ ಆಗಿಬಿಡುತ್ತೆ. ಸೀಸ-ಆಮ್ಲದ್ದಾದರೆ ಕೊನೇ ಭಾಗ ನಿಧಾನವಾಗಿ ತುಂಬುತ್ತೆ, ಹಾಗಾಗಿ ವಾರಕ್ಕೊಮ್ಮೆ ಮನೆಯಲ್ಲಿ ರಾತ್ರಿಯೆಲ್ಲಾ ಚಾರ್ಜ್ ಹಾಕೋದು ಒಳ್ಳೇದು. ಗಾಡಿ ಮೇಲೆ 100 ವ್ಯಾಟಿನ ಸೋಲಾರ್ ಪ್ಯಾನಲ್ ಹಾಕಿದರೆ ಒಳ್ಳೆ ಬಿಸಿಲಿನ ದಿನ 300ರಿಂದ 400 ವ್ಯಾಟ್-ಗಂಟೆ ಸಿಗುತ್ತೆ, ಮಳೆಗಾಲದಲ್ಲಿ ಅದನ್ನು ನಂಬಬೇಡಿ.

ವೈರ್ ಮತ್ತು ಫ್ಯೂಸ್: ಇಲ್ಲಿ ಜಿಪುಣತನ ಬೇಡ

ಬೋರ್‌ವೆಲ್ ಮೋಟಾರಿಗೆ ಸಣ್ಣ ಕೇಬಲ್ ಹಾಕಿದರೆ ಏನಾಗುತ್ತೆ ಅಂತ ನಿಮಗೆ ಹೇಳಿಕೊಡಬೇಕಿಲ್ಲ. 12 ವೋಲ್ಟಿನಲ್ಲಿ ಅದು ಇನ್ನೂ ಜೋರು. ಎಂಜಿನ್ ಬ್ಯಾಟರಿಯಿಂದ 5 ಮೀಟರ್ ದೂರಕ್ಕೆ 20 ಆಂಪಿಯರ್ ಸಾಗಿಸಬೇಕು ಅಂದುಕೊಳ್ಳಿ. ಹೋಗಿ ಬರೋಕೆ 10 ಮೀಟರ್ ತಾಮ್ರ. 2.5 ಸ್ಕ್ವೇರ್ ಎಂಎಂ ವೈರ್ ಹಾಕಿದರೆ ದಾರಿಯಲ್ಲೇ ಸುಮಾರು 1.4 ವೋಲ್ಟ್ ಹೋಗುತ್ತೆ. 12ರಲ್ಲಿ 1.4 ಹೋದರೆ ಉಳಿಯೋದೇನು? ಆ ಹೋದ ಕರೆಂಟೆಲ್ಲಾ ವೈರಿನಲ್ಲಿ ಬಿಸಿಯಾಗುತ್ತೆ. 6 ಸ್ಕ್ವೇರ್ ಎಂಎಂ ಹಾಕಿದರೆ 0.6ಕ್ಕಿಂತ ಸ್ವಲ್ಪ ಕಮ್ಮಿ, 10 ಹಾಕಿದರೆ 0.35ರಷ್ಟು ಮಾತ್ರ. ಆದ್ದರಿಂದ ಈ ಕೆಲಸಕ್ಕೆ 10 ಸ್ಕ್ವೇರ್ ಎಂಎಂ ಒಳ್ಳೇದು, ಕನಿಷ್ಠ 6 ಇರಲೇಬೇಕು. ಮನೆ ವೈರಿಂಗಿನ ಗಟ್ಟಿ ತಂತಿ ಬೇಡ, ಅಲುಗಾಟಕ್ಕೆ ಮುರಿಯುತ್ತೆ. ಸಣ್ಣ ಎಳೆಗಳ ಬಳುಕುವ ತಾಮ್ರದ ವೈರೇ ಬೇಕು.

ಫ್ಯೂಸ್ ಇರೋದು ಲ್ಯಾಪ್‌ಟಾಪ್ ಉಳಿಸೋಕೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಅದು ವೈರಿಗೆ ಬೆಂಕಿ ಹತ್ತದೆ ಇರೋಕೆ. ಗಾಡಿಯ ಬ್ಯಾಟರಿಗೆ ನೂರಾರು ಆಂಪಿಯರ್ ಕೊಡೋ ಶಕ್ತಿ ಇದೆ. ಪ್ಲಸ್ ವೈರ್ ಎಲ್ಲೋ ಉಜ್ಜಿ ಬಾಡಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತೆ. ಹಾಗಾಗಿ ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು. ಎರಡು ಬ್ಯಾಟರಿ ಸೇರಿಸೋ ವೈರಿನಲ್ಲಿ ಎರಡೂ ತುದಿಗೂ ಒಂದೊಂದು ಫ್ಯೂಸ್ ಬೇಕು, ಯಾಕಂದರೆ ಎರಡೂ ಕಡೆಯಿಂದ ಕರೆಂಟ್ ನುಗ್ಗಬಹುದು. 20 ಆಂಪಿಯರ್ ಚಾರ್ಜರಿಗೆ 30 ಆಂಪಿಯರ್ ಫ್ಯೂಸ್ ಸರಿಹೋಗುತ್ತೆ. ಫ್ಯೂಸ್ ಹೋದರೆ ಯಾಕೆ ಹೋಯ್ತು ಅಂತ ಹುಡುಕಿ. ತಾಮ್ರದ ಎಳೆ ಸುತ್ತಿ "ಸದ್ಯಕ್ಕೆ ಆಯ್ತು ಬಿಡಿ" ಅನ್ನೋ ಅಭ್ಯಾಸ ಗಾಡಿಯನ್ನೇ ಸುಡುತ್ತೆ.

ಸಿಗರೇಟ್ ಲೈಟರ್ ಸಾಕೆಟ್ಟಿನ ಬಗ್ಗೆ ಒಂದು ಮಾತು. ಅದರ ಫ್ಯೂಸ್ ಸಾಮಾನ್ಯವಾಗಿ 10ರಿಂದ 20 ಆಂಪಿಯರ್. 10 ಆಂಪಿಯರ್ ಅಂದರೆ 120 ವ್ಯಾಟ್. ಮೊಬೈಲಿಗೆ, ಒಂದು ಲ್ಯಾಪ್‌ಟಾಪಿಗೆ ಸಾಕು. ಅದಕ್ಕೆ 300 ವ್ಯಾಟ್ ಇನ್ವರ್ಟರ್ ಸಿಕ್ಕಿಸಿ ಪೂರ್ತಿ ಲೋಡ್ ಹಾಕಿದರೆ 25 ಆಂಪಿಯರ್ ಮೇಲೆ ಎಳೆಯುತ್ತೆ, ಫ್ಯೂಸ್ ಹೋಗುತ್ತೆ ಇಲ್ಲಾ ಸಾಕೆಟ್ ಕರಗುತ್ತೆ.

ಇನ್ವರ್ಟರ್ ಬೇಕಾ? ಎಷ್ಟೋ ಸಲ ಬೇಡ

12 ವೋಲ್ಟನ್ನು ಇನ್ವರ್ಟರಿನಿಂದ 230 ಮಾಡಿ, ಮತ್ತೆ ಅಡಾಪ್ಟರಿನಿಂದ 19 ಅಥವಾ 12 ವೋಲ್ಟಿಗೆ ಇಳಿಸೋದು ಅಂದರೆ ನೀರನ್ನು ಓವರ್‌ಹೆಡ್ ಟ್ಯಾಂಕಿಗೆ ಹತ್ತಿಸಿ ಮತ್ತೆ ಪಕ್ಕದ ತೊಟ್ಟಿಗೇ ಇಳಿಸಿದ ಹಾಗೆ. ಪ್ರತಿ ಸಲವೂ ನಷ್ಟ. ಆದಷ್ಟೂ ನೇರ ಡಿಸಿಯಲ್ಲೇ ಓಡಿಸಿ.

ಲ್ಯಾಪ್‌ಟಾಪ್: ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳು ಯುಎಸ್‌ಬಿ ಟೈಪ್-ಸಿ ಮೂಲಕ ಚಾರ್ಜ್ ಆಗುತ್ತವೆ. 65 ವ್ಯಾಟ್ ಕೊಡೋ ಪಿಡಿ ಗುರುತಿನ ಕಾರ್ ಚಾರ್ಜರ್ ಸಾಕು. ಮೊಬೈಲಿನ ಸಾಮಾನ್ಯ ಕಾರ್ ಚಾರ್ಜರ್ ಇದಕ್ಕೆ ಆಗಲ್ಲ. ಹಳೇ ದುಂಡು ಪಿನ್ನಿನ ಲ್ಯಾಪ್‌ಟಾಪಿಗೆ ಅದೇ ವೋಲ್ಟಿನ, ಅದೇ ಪಿನ್ನಿನ ಕಾರ್ ಅಡಾಪ್ಟರ್ ತನ್ನಿ.

ರೂಟರ್: ಅದರ ಮೇಲೆ 12 ವೋಲ್ಟ್ ಅಂತ ಬರೆದಿದೆ ಅಂದುಕೊಂಡು ನೇರವಾಗಿ ಬ್ಯಾಟರಿಗೆ ಕಟ್ಟಬೇಡಿ. ಗಾಡಿ ಓಡುವಾಗ ಅದು 12 ಅಲ್ಲ, 14.4 ಇರುತ್ತೆ, ಕೆಲವೊಮ್ಮೆ ಕ್ಷಣಕಾಲ ಅದಕ್ಕೂ ಮೇಲೆ ಹಾರುತ್ತೆ. ಮಧ್ಯದಲ್ಲಿ 12 ವೋಲ್ಟನ್ನೇ ಸ್ಥಿರವಾಗಿ ಕೊಡೋ ಡಿಸಿ ಕನ್ವರ್ಟರ್ ಹಾಕಿ.

ಪ್ರಿಂಟರ್: ಬಸ್ಸಿನ ಟಿಕೆಟ್ಟಿನಂತೆ ಚೀಟಿ ಕೊಡೋ ಸಣ್ಣ ಥರ್ಮಲ್ ಪ್ರಿಂಟರ್ ಒಳ್ಳೇದು. ಒಳಗೇ ಬ್ಯಾಟರಿ ಇರುತ್ತೆ, ಮೊಬೈಲ್ ಚಾರ್ಜರಿನಿಂದಲೇ ಚಾರ್ಜ್ ಆಗೋವು ಸಿಗುತ್ತವೆ. ಆದರೆ ಥರ್ಮಲ್ ಚೀಟಿ ಬಿಸಿಲಿಗೆ ಕಪ್ಪಾಗುತ್ತೆ, ಕೆಲವು ತಿಂಗಳಲ್ಲಿ ಅಕ್ಷರ ಮಾಸುತ್ತೆ. ಮುಖ್ಯ ಲೆಕ್ಕದ ಫೋಟೋ ತೆಗೆದಿಟ್ಟುಕೊಳ್ಳಿ. ದೊಡ್ಡ ಕಾಗದ ಬೇಕಾದರೆ ಇಂಕ್‌ಜೆಟ್ ನಡೆಯುತ್ತೆ. ಲೇಸರ್ ಪ್ರಿಂಟರ್ ಮಾತ್ರ ಗಾಡಿಗೆ ಬೇಡವೇ ಬೇಡ. ಒಳಗಿನ ಹೀಟರ್ ಬಿಸಿಯಾಗುವಾಗ ನೂರಾರು ವ್ಯಾಟ್ ಒಮ್ಮೆಲೇ ಎಳೆದು ಸಣ್ಣ ಇನ್ವರ್ಟರನ್ನು ಮಲಗಿಸಿಬಿಡುತ್ತೆ.

ತೂಕದ ಯಂತ್ರ: ಬಹಳಷ್ಟರಲ್ಲಿ 6 ವೋಲ್ಟಿನ ಸಣ್ಣ ಬ್ಯಾಟರಿ ಒಳಗೇ ಇರುತ್ತೆ. ರಾತ್ರಿ ಮನೆಯಲ್ಲಿ ಚಾರ್ಜ್ ಮಾಡಿದರೆ ದಿನವಿಡೀ ಬರುತ್ತೆ. ಅದಕ್ಕೆ 12 ವೋಲ್ಟ್ ನೇರವಾಗಿ ಕೊಡಬೇಡಿ.

ಇನ್ವರ್ಟರ್ ಬೇಕೇ ಬೇಕು ಅಂದರೆ ಪ್ಯೂರ್ ಸೈನ್ ವೇವ್ ತನ್ನಿ. ಅಗ್ಗದ ಚೌಕ ಅಲೆಯ ಇನ್ವರ್ಟರಿನಲ್ಲಿ ಕೆಲವು ಅಡಾಪ್ಟರುಗಳು ಗುಂಯ್ ಅನ್ನುತ್ತವೆ, ಜಾಸ್ತಿ ಬಿಸಿಯಾಗುತ್ತವೆ. ಇನ್ನೊಂದು, ಅಗ್ಗದ ಇನ್ವರ್ಟರುಗಳು ಬ್ಯಾಟರಿ 10.5 ವೋಲ್ಟಿಗೆ ಬಂದ ಮೇಲೆ ಆಫ್ ಆಗುತ್ತವೆ. ಅಷ್ಟು ಹೊತ್ತಿಗೆ ಸೀಸ-ಆಮ್ಲದ ಬ್ಯಾಟರಿ ಪೂರ್ತಿ ಬರಿದಾಗಿರುತ್ತೆ. ಲೋಡ್ ಇರುವಾಗ 11.8-12 ವೋಲ್ಟಿಗೇ ಕಡಿಯೋ ಲೋ-ವೋಲ್ಟೇಜ್ ಕಟಾಫ್ ಅನ್ನು ಬೇರೆಯಾಗಿ ಹಾಕಿಸಿ. ಇನ್ವರ್ಟರಿನಿಂದ ಬರೋ 230 ವೋಲ್ಟ್ ಮನೆಯ ಕರೆಂಟಿನಷ್ಟೇ ಅಪಾಯ ಅನ್ನೋದನ್ನೂ ಮರೀಬೇಡಿ. ಒದ್ದೆ ಕೈ, ಒದ್ದೆ ಕ್ರೇಟ್, ಮಳೆ ಇರುವ ಜಾಗದಲ್ಲಿ ದೂರ ಇಡಿ.

ಬ್ಯಾಟರಿ ಎಷ್ಟಿದೆ ಅಂತ ನೋಡೋದು

ಸೀಸ-ಆಮ್ಲದ ಬ್ಯಾಟರಿಯನ್ನು ಒಂದೆರಡು ಗಂಟೆ ಸುಮ್ಮನೆ ಬಿಟ್ಟು, ಯಾವ ಲೋಡೂ ಇಲ್ಲದಾಗ ಮಲ್ಟಿಮೀಟರ್ ಇಡಿ. 12.6ರ ಮೇಲಿದ್ದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ, ಅಲ್ಲಿಗೆ ನಿಲ್ಲಿಸಿ. 12.0ಕ್ಕೆ ಬಂದರೆ ಕಾಲು ಭಾಗ ಮಾತ್ರ ಉಳಿದಿದೆ. ಲಿಥಿಯಂ ಬ್ಯಾಟರಿಯಲ್ಲಿ ಈ ಲೆಕ್ಕ ನಡೆಯಲ್ಲ. ಅದು ಕೊನೇ ತನಕ 13ರ ಆಸುಪಾಸಲ್ಲೇ ಇದ್ದು ಒಮ್ಮೆಲೇ ಕೆಳಗಿಳಿಯುತ್ತೆ. ಅದಕ್ಕೆ ಮೊಬೈಲಿನಲ್ಲಿ ತೋರಿಸೋ ಬಿಎಂಎಸ್ ಅಥವಾ ಆಂಪಿಯರ್ ಎಣಿಸೋ ಮೀಟರ್ ಬೇಕು.

ಹೊಲದ ಗಾಡಿಗೆ ವಿಶೇಷ ಎಚ್ಚರಿಕೆ

ಪೇಟೆಯ ಕಾರಿಗೂ ನಮ್ಮ ಗಾಡಿಗೂ ವ್ಯತ್ಯಾಸ ಇದೆ. ನಮ್ಮ ಗಾಡಿಯಲ್ಲಿ ಯೂರಿಯಾ ಚೀಲ ಹೋಗುತ್ತೆ, ಔಷಧಿ ಡಬ್ಬ ಹೋಗುತ್ತೆ, ಡೀಸೆಲ್ ಕ್ಯಾನ್ ಹೋಗುತ್ತೆ.

• ಗೊಬ್ಬರದ ಪುಡಿ ತೇವ ಹೀರಿ ಟರ್ಮಿನಲ್ಲಿಗೆ ಹಸಿರು ಕಿಲುಬು ಹಿಡಿಸುತ್ತೆ. ತಿಂಗಳಿಗೊಮ್ಮೆ ಒರೆಸಿ ವ್ಯಾಸಲಿನ್ ಹಚ್ಚಿ.
• ಡೀಸೆಲ್, ಪೆಟ್ರೋಲ್ ಕ್ಯಾನನ್ನು ಬ್ಯಾಟರಿ ಪೆಟ್ಟಿಗೆಯ ಪಕ್ಕ ಇಡಬೇಡಿ.
• ಕೊಟ್ಟಿಗೆ ಪಕ್ಕ ಗಾಡಿ ನಿಲ್ಲಿಸೋರು ಇಲಿ ಕಾಟ ನೆನಪಿಡಿ. ವೈರನ್ನು ಬಳುಕೋ ಪೈಪಿನೊಳಗೆ ಹಾಕಿಸಿ. ತಗಡಿನ ತೂತು ದಾಟೋ ಕಡೆ ರಬ್ಬರ್ ಬುಷ್ ಇರಲೇಬೇಕು.
• ಬ್ಯಾಟರಿಯನ್ನು ಪಟ್ಟಿ ಹಾಕಿ ಬೋಲ್ಟಿನಿಂದ ಬಿಗಿಯಿರಿ. ಜೋರು ಬ್ರೇಕ್ ಹಾಕಿದಾಗ ಹದಿನೈದು ಕೆಜಿ ಬ್ಯಾಟರಿ ಹಾರಿ ಬಂದರೆ ಮುಂದಿನ ಸೀಟಿನಲ್ಲಿರೋರ ಗತಿ ಏನು?
• ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಪವರ್ ಬ್ಯಾಂಕ್, ಲ್ಯಾಪ್‌ಟಾಪ್ ಬಿಟ್ಟು ಹೋಗಬೇಡಿ.
• ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತೆ. ಕೈ ಹಾಕೋ ಮೊದಲು ಅಳೆದು ನೋಡಿ.
• ವಾರಂಟಿ ಇರೋ ಗಾಡಿಯ ವೈರಿಂಗ್ ಕತ್ತರಿಸಬೇಡಿ, ಆಮೇಲೆ ಕ್ಲೇಮ್ ಹೊತ್ತಿಗೆ ತಕರಾರು ಬರುತ್ತೆ.

ಮೊದಲೆರಡು ದಾರಿಯನ್ನು ಕೈಕೆಲಸ ಬಲ್ಲ ಯಾರಾದರೂ ಮಾಡಿಕೊಳ್ಳಬಹುದು. ಮೂರನೇದನ್ನು ಅನುಭವ ಇರೋ ಆಟೋ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಆದರೆ ಪಕ್ಕದಲ್ಲಿ ನಿಂತು ಮೂರು ಪ್ರಶ್ನೆ ಕೇಳಿ: "ಫ್ಯೂಸ್ ಎಲ್ಲಿ ಹಾಕ್ತೀಯಪ್ಪಾ? ವೈರ್ ಎಷ್ಟು ಸ್ಕ್ವೇರ್ ಎಂಎಂ? ಎಂಜಿನ್ ಆಫ್ ಆದಾಗ ಎರಡು ಬ್ಯಾಟರಿ ಬೇರೆ ಆಗುತ್ತಾ?" ಈ ಮೂರಕ್ಕೂ ಸರಿಯಾದ ಉತ್ತರ ಬಂದರೆ ಕೆಲಸ ಒಪ್ಪಿಸಿ. ಕೆಲಸ ಮುಗಿದ ಮೇಲೆ ಎಂಜಿನ್ ಆಫ್ ಮಾಡಿ ಅರ್ಧ ಗಂಟೆ ಲ್ಯಾಪ್‌ಟಾಪ್ ಓಡಿಸಿ, ಎಂಜಿನ್ ಬ್ಯಾಟರಿಯ ವೋಲ್ಟ್ ಇಳಿಯುತ್ತಿದೆಯಾ ಅಂತ ಮೀಟರ್ ಇಟ್ಟು ನೋಡಿ. ಇಳಿಯದಿದ್ದರೆ ಕೆಲಸ ಸರಿಯಾಗಿದೆ. ವೈರ್, ಫ್ಯೂಸ್, ರಿಲೇ ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಮುಟ್ಟೋಕಾಗದಷ್ಟು ಬಿಸಿ ಇದ್ದರೆ ಎಲ್ಲೋ ಜಾಯಿಂಟ್ ಸಡಿಲ ಇದೆ ಅಂತ ಅರ್ಥ.

ನಾವು ಆ ಟೊಮೆಟೊ ದಿನದ ಮೇಲೆ ಮೊದಲು ಎರಡನೇ ದಾರಿ ಹಿಡಿದೆವು, ಒಂದು ಸೀಸನ್ ನೋಡಿಕೊಂಡು ಆಮೇಲೆ ಮೂರನೇದಕ್ಕೆ ಹೋದೆವು. ಈಗಲೂ ಸಂಜೆ ಅರಳಿಕಟ್ಟೆ ಹತ್ತಿರ ತೂಕ ಹಾಕ್ತೀವಿ, ಚೀಟಿ ಕೊಡ್ತೀವಿ. ಬೆಳಗಿನ ಜಾವ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸೆಲ್ಫ್ ಹೊಡೆಯುತ್ತೆ. ಆ ಸದ್ದಿನ ಬೆಲೆ ಏನು ಅಂತ ಒಮ್ಮೆ ಹರಾಜು ತಪ್ಪಿಸಿಕೊಂಡವರಿಗೆ ಮಾತ್ರ ಗೊತ್ತು.

ನಿಮ್ಮ ಗಾಡಿಗೆ ಲೆಕ್ಕ ಹಾಕೋಕೆ ಶುರು ಮಾಡೋದಾದರೆ ಇವತ್ತೇ ಅಡಾಪ್ಟರುಗಳ ಹಿಂದೆ ಬರೆದಿರೋದನ್ನು ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ. ಉಳಿದದ್ದೆಲ್ಲಾ ಆ ಹಾಳೆಯಿಂದಲೇ ಹೊರಡುತ್ತೆ.